ನೆಗ್ಗಿಲು

ಸಂತೆಪೇಟೆಯ ಈ ಗ್ರಂದಿಗೆ ಅಂಗಡಿಯಲ್ಲಿ
ಮುನ್ನೂರ ಹನ್ನೆರಡು ಡಬ್ಬಗಳಿವೆ.
ಗಂಡಸರ ದನಿ ಇಳಿಯುವುದು
ಒಂದೇ ಡಬ್ಬದ ಮುಂದೆ.

"ನಮ್ಮ ಭಾವನಿಗೆ" ಅನ್ನುತ್ತಾರೆ.
"ಊರಲ್ಲಿ ಯಾರೋ ಹೇಳಿದರು" ಅನ್ನುತ್ತಾರೆ.
"ಶೆಟ್ಟರಿಲ್ಲವಾ?" ಅನ್ನುತ್ತಾರೆ,
ಅಪ್ಪ ಹೋಗಿ ಹನ್ನೊಂದು ವರ್ಷವಾದರೂ
ಗೋಡೆಯ ಪಟವನ್ನೇ ನೋಡುತ್ತ,
ಅದು ಎದ್ದು ಬಂದು ತೂಗಿಕೊಟ್ಟೀತು ಎಂಬಂತೆ.

ಕೆಮ್ಮಿಗಾದರೆ ಬೀದಿಯಿಂದಲೇ ಕೂಗುವ ಜನ,
ಮೂಲವ್ಯಾಧಿಗೂ ನಾಚದ ಜನ,
ಬೆಟ್ಟದ ನೆಲ್ಲಿಕಾಯಿಯಷ್ಟಿರುವ ಒಂದು ಗ್ರಂಥಿಗೆ
ಹೆಸರಿಲ್ಲದೆ
ಬೆರಳಿನಿಂದ ಗಾಳಿಯಲ್ಲಿ ಸೊನ್ನೆ ಸುತ್ತುತ್ತಾರೆ.
ನಾನು ಐವತ್ತು ಗ್ರಾಮಿನ ಬಟ್ಟು ಹಿಡಿದು ಕಾಯುತ್ತೇನೆ.

ಬೆಟ್ಟಸ್ವಾಮಿ ಮಾತ್ರ ಸುತ್ತಲಿಲ್ಲ.
"ಮೂವತ್ತೊಂದು ವರ್ಷ ಮಳವಳ್ಳಿ ಬಸ್ಸು ಕಣವ್ವ.
ಕಂಡಕ್ಟರು ರೈಟ್ ಅಂದಮೇಲೆ
ಬನ್ನೂರು ಬರೋಗಂಟ ತಡಕೊಂಡೆ.
ಈಗ ನಿಂತರೆ ಬರಲ್ಲ, ಬಂದರೆ ನಿಲ್ಲಲ್ಲ.
ರಾತ್ರಿಗೆ ಐದು ಟ್ರಿಪ್ಪು, ಮಂಚದಿಂದ ಬಚ್ಚಲಿಗೆ.
ಟಿಕೆಟ್ಟೂ ಇಲ್ಲ, ಕಲೆಕ್ಷನ್ನೂ ಇಲ್ಲ."

ಅಳಿಯ ಫೋನಿನಲ್ಲಿ ತರಿಸಿಕೊಟ್ಟ ಸೀಸೆಯನ್ನು
ಜೇಬಿನಿಂದ ತೆಗೆದಿಟ್ಟ.
ಮುಚ್ಚಳದ ಮೇಲೆ ಸಿಂಹ.
ಮೂವತ್ತೇ ದಿನಕ್ಕೆ ಹಾರ್ಮೋನು ಸಮ, ಹರೆಯ ವಾಪಸ್ಸು,
ಸಾವಿರದ ಎಂಟುನೂರು ರೂಪಾಯಿ.
ಕನ್ನಡಕ ಏರಿಸಿ ಬುಡದ ಇರುವೆಯಕ್ಷರ ಓದಿದೆ:
ಇದು ಯಾವ ಕಾಯಿಲೆಗೂ ಔಷಧಿಯಲ್ಲ.
"ಸಿಂಹ ಸುಮ್ಮನಿದೆ" ಅಂದ. "ನಾನೇ ಎದ್ದು ಓಡಾಡ್ತೀನಿ."

ಡಬ್ಬ ತೆರೆದೆ.
ಮೂರು ಮೂಲೆಯ ಒಣಗಿದ ಕಾಯಿಯೊಂದನ್ನು
ಅಂಗೈಯಲ್ಲಿ ಹೊರಳಿಸಿ ನಕ್ಕ:
"ಅಯ್ಯೋ, ನೆಗ್ಗಿಲುಮುಳ್ಳು!
ಸೈಕಲ್ಲಿಗೆ ಎಷ್ಟು ಪಂಚರ್ ಮಾಡೈತೆ ಇದು,
ಈಗ ನನ್ನ ಪಂಚರ್ ಹಾಕ್ತದಾ?"

ಅಪ್ಪನೂ ನಗುತ್ತಲೇ ಕುಡಿಯುತ್ತಿದ್ದ.
ನೆಗ್ಗಿಲು, ಕೊಮ್ಮೆಬೇರು, ನಸುಕಿಗೆ ಒಂದು ಲೋಟ.
"ನಮ್ಮಂಗಡೀಲೇ ಐತಲ್ಲಮ್ಮ, ಡಾಕ್ಟರ್ ಯಾಕೆ?"
ಕಷಾಯದ್ದೇನೂ ತಪ್ಪಿಲ್ಲ. ಉರಿ ಇಳಿಸುತ್ತಿತ್ತು.
ಬೆನ್ನುಮೂಳೆಯೊಳಗೆ ಇಳಿಯುತ್ತಿದ್ದ ಇನ್ನೊಂದು ಬೇರಿನ ಸುದ್ದಿ
ಲೋಟಕ್ಕೆ ಹೇಗೆ ಗೊತ್ತಾಗಬೇಕು?
ಲುಂಗಿಯ ಮೇಲೆ ಕಂಡ ಕೆಂಪನ್ನು
ಆತ ತಾನೇ ಒಗೆದು ಹಿತ್ತಲಲ್ಲಿ ಒಣಹಾಕಿದ್ದ.
ಎಲೆಯಡಿಕೆ ಕಲೆ ಅಂದುಕೊಂಡೆ ನಾನು.

ಅದಕ್ಕೇ ಈಗ ಕೇಳುತ್ತೇನೆ, ಗಟ್ಟಿಯಾಗಿ, ಎಲ್ಲರೆದುರು:
ಕೆಂಪು ಕಂಡಿತ್ತಾ? ಸೊಂಟ ನೋಯುತ್ತಾ?
ಕಡೆಯ ಸಲ ರಕ್ತ ಕೊಟ್ಟದ್ದು ಯಾವಾಗ?
ಕೆಲವರು ಚಪ್ಪಲಿ ಸರಿಮಾಡಿಕೊಂಡು ಹೊರಟೇಹೋಗುತ್ತಾರೆ.

ಬೆಟ್ಟಸ್ವಾಮಿಯ ಪೊಟ್ಟಣ ಕಟ್ಟಿದೆ, ಕೊಡಲಿಲ್ಲ.
ಹೆಸರು ಬರೆದು ಕೆಳಗಿನ ಹಲಗೆಯಲ್ಲಿಟ್ಟೆ.
"ದೊಡ್ಡಾಸ್ಪತ್ರೆ ಇಲ್ಲಿಂದ ಎಂಟು ನಿಮಿಷದ ನಡಿಗೆ.
ಚೀಟಿ ಮಾಡಿಸಿ, ರಕ್ತ ಕೊಡಿ.
ಆಮೇಲೆ ಬಂದು ಇದನ್ನ ಒಯ್ಯಿ."
ಆ ಹಲಗೆಯಲ್ಲಿ ಇನ್ನೂ ನಾಲ್ಕು ಪೊಟ್ಟಣಗಳಿದ್ದವು.
ಒಂದರ ದಾರ ಇಲಿ ಕಡಿದಿದೆ.

ಮಧ್ಯಾಹ್ನ ಅಂಗಡಿ ಖಾಲಿ.
ಕತ್ತಿನಿಂದ ನೆತ್ತಿಗೆ ಬಿಸಿ ನುಗ್ಗುವ ಹೊತ್ತು,
ಫ್ಯಾನಿನಡಿ ಕೂತು ನನ್ನ ಲೋಟ ಕುಡಿಯುತ್ತೇನೆ:
ಹಲವು ಮಕ್ಕಳ ತಾಯಿ ಬೇರು.
ಒಂದೂ ಹೆರದವಳಿಗೆ ಎಂಥ ಹೆಸರು ನೋಡಿ!
ನಲವತ್ತೊಂಬತ್ತರ ಈ ಉರಿಯ ಬಗ್ಗೆ
ನನ್ನನ್ನು ಯಾರೂ ಕೇಳಿಲ್ಲ,
ನಾನೂ ಯಾವ ಡಾಕ್ಟರಿಗೂ ಹೇಳಿಲ್ಲ.
ಅಪ್ಪನ ಮಗಳು.

ಮೂರು ವಾರದ ಮೇಲೆ, ಶನಿವಾರದ ಗಿರಾಕಿಗಳ ನಡುವೆ,
ಆಟೋ ನಿಲ್ಲುವ ಮೊದಲೇ ಇಳಿದು
ಬೀದಿಯಾಚೆಯಿಂದ ಕೂಗಿದ ಬೆಟ್ಟಸ್ವಾಮಿ:
"ಎರಡು ಪಾಯಿಂಟ್ ಒಂದಂತೆ ಕಣವ್ವ!
ಬರೀ ಊದೈತಂತೆ! ಕೊಡು ನನ್ನ ಮುಳ್ಳು!"

ಅಂಗಡಿಯ ಗಂಡಸರೆಲ್ಲ ನೆಲ ನೋಡಿದರು.
ಎರಡು ಪಾಯಿಂಟ್ ಒಂದು ಅಂದರೇನು ಅಂತ
ಒಬ್ಬ ಕೇಳಿದ, ಮೆಲ್ಲಗೆ.

ಭಾವನಿಗಂತೆ.