ಪಾಳಿ ಸೈರನ್

ಶಬ್ದಕಲೆ, ಎರಡನೇ ಸೆಮಿಸ್ಟರಿನ ಕೆಲಸ:
ನಿಮ್ಮೂರಲ್ಲಿ ಈಗ ಇಲ್ಲದ ಒಂದು ಸದ್ದು ತನ್ನಿ.

ಶಿವಮೊಗ್ಗದಿಂದ ಭದ್ರಾವತಿ ಬಸ್ಸು ಹತ್ತಿದೆ,
ಗಾಳಿ ತಾಗದ ಹಾಗೆ ಮೈಕಿಗೆ ಉಣ್ಣೆಯ ಕಾಲುಚೀಲ ತೊಡಿಸಿ.
ಪಾಳಿಯ ಸೈರನ್ನು ಯಾರ ಟೇಪಿನಲ್ಲೂ ಇರಲಿಲ್ಲ,
ಬಾಯಲ್ಲಿತ್ತು.
ಖುರ್ಷಿದಾ ಬಿ ಕೂಗಿದ್ದು ಮೂಗಿನಿಂದ.
ಡೈರಿಯ ಮಲ್ಲೇಶಪ್ಪ ಊಂ ಅಂದವರು ಕೆಮ್ಮಿಬಿಟ್ಟರು,
ಕೆಮ್ಮನ್ನೂ ಇಟ್ಟುಕೊಂಡೆ.
ಕ್ರೇನಿನ ಜ್ಞಾನಪ್ರಕಾಶಂ ಮಾತ್ರ ಮೊದಲು ಕೇಳಿದರು:
"ಯಾವ ಕಾಲದ್ದು ಬೇಕು? ಚಳಿಯಲ್ಲಿ ಅದು ದಪ್ಪ."

ಹಾಸ್ಟೆಲಿನ ಲ್ಯಾಪ್‌ಟಾಪಿನಲ್ಲಿ ಹನ್ನೊಂದು ಬಾಯಿ,
ಒಂದಕ್ಕೊಂದು ಶ್ರುತಿ ಸೇರವು.
ಸೇರಿಸುವ ಗುಂಡಿ ಇದೆ. ಒತ್ತಲಿಲ್ಲ.
ಸೆನ್ಸರಿಗೆ ಹೇಳಿಕೊಟ್ಟೆ: ಜನ ಹತ್ತಿರ ಬಂದಷ್ಟೂ ಏರು,
ದೂರ ಹೋದರೆ ಇಳಿ.

ಪರೀಕ್ಷಕರು ನಿಂತರು, ಬರೆದುಕೊಂಡರು: ಗದ್ದಲ ಹೆಚ್ಚು.

ಸಂಜೆ ಜ್ಞಾನಪ್ರಕಾಶಂ ಬಂದರು, ಇಸ್ತ್ರಿ ಅಂಗಿ.
ಬಾಗಿಲಿನಿಂದ ಆರು ಹೆಜ್ಜೆ, ಸದ್ದು ಎದ್ದಿತು.
ಏಳನೆಯದಕ್ಕೆ ಅವರ ನಡಿಗೆಯೇ ಬಿರುಸಾಯಿತು,
ಗೇಟು ಹಾಕಿಬಿಡುತ್ತಾರೇನೋ ಎಂಬಂತೆ.
ಪೆಟ್ಟಿಗೆಗೆ ಮೊಣಕಾಲು ಬಡಿಸಿಕೊಂಡು ನಿಂತರು,
ನನ್ನತ್ತ ತಿರುಗಿ, ಏದುಸಿರಲ್ಲೇ,
"ಇನ್ನೂ ಸ್ವಲ್ಪ ದಪ್ಪ ಮಾಡಮ್ಮ" ಅಂದರು.