ಅರ್ಧ ಸಾಲು

ಮಂಗಲಪೇಟದ ಓಣ್ಯಾಗ ನಾಲ್ಕೂವರೆಗೆ
ನನ್ನ ಒಲಿ ಮೊದಲು ಏಳತದ,
ಆಮ್ಯಾಲ ಮಸೀದಿ, ಆಮ್ಯಾಲ ಹಾಲಿನ ಗಾಡಿ.
ಆರಕ್ಕ ವಿಮಾನದ ಹುಡುಗರು
ಆಕಾಶ ಹರದು ಹೊಲಿಯೂದು ಕಲೀತಾರ.
ಅಷ್ಟೊತ್ತಿಗೆ ಎಂಬತ್ತು ರೊಟ್ಟಿ ಆಗಿರಬೇಕು.

ಸ್ವಾಮಿ, ನಿನ್ನ ಜೋಡಿ ನನ್ನ ಮಾತೆಲ್ಲ
ಇದೇ ಹೊತ್ತಿನಾಗ.
ಮೊಣಕಾಲೂರಲಾಕ ಜಾಗಾ ಇಲ್ಲ;
ಒಂದು ಕಾಲು ಮಡಚೀನಿ, ಒಂದು ಚಾಚೀನಿ,
ನಡುವ ಹಿಟ್ಟಿನ ಪರಾತ.
ನಾದಕೋತ ಶುರು ಮಾಡತೀನಿ
ನೀನು ಕಲಿಸಿದ ಅದೇ ಪ್ರಾರ್ಥನಿ.
ಬಡಿಯೂ ಸಪ್ಪಳಕ್ಕ ಸರಿ ಕೂಡತದ ಅದು,
ರೊಟ್ಟಿ ತಿರುಗತದ, ಸಾಲು ತಿರುಗತದ.

ದಿನದ ರೊಟ್ಟಿ ಕೇಳೂ ಜಾಗಾ ಬಂದಾಗ
ನಗು ಬರತದ ನನಗ.
ಖಾನಾವಳಿಗೆ ನೂರು, ಹಾಸ್ಟೆಲಿಗೆ ಅರವತ್ತು,
ಹೈದರಾಬಾದ್ ಬಸ್ಸಿನ ಡ್ರೈವರಗ ನಾಲ್ಕು, ಚಟ್ನಿ ಸಮೇತ.
ಊರಿಗೆ ಕೊಡಾಕಿ ನಾನು,
ಕೇಳಾಕಿನೂ ನಾನೇ!
ಇರಲಿ. ಕೇಳತೀನಿ.
ಹಿಟ್ಟು ನಂದು, ಜೋಳ ನಿಂದು,
ಕೈಯಾಗಿನ ಕಸುವು ಯಾರದೋ ನನಗೂ ಗೊತ್ತಿಲ್ಲ.

ಅದರ ಮುಂದಿನ ಸಾಲಿಗೆ ನಾಲಗಿ ನಿಲ್ಲತದ.
ಬರೂ ಎಳ್ಳ ಅಮಾಸಿಗೆ ವರ್ಷಾತು.
ಕ್ಷಮಿಸೂ ಸಾಲು.
ಅದನ್ನ ದಾಟಿ ಕಡೀ ಮಾತಿಗೆ ಜಿಗದು
ಆಮೆನ್ ಅಂತೀನಿ.
ನೀನು ಎಣಿಸಿರತಿ, ನಾನು ರೊಟ್ಟಿ ಎಣಿಸಿದಂಗ,
ಒಂದು ಕಡಿಮಿ ಅಂತ.

ಅತ್ತಿ ಮಣ್ಣಾದ ದಿವಸ
ಗೋರಿಯ ಕೆಂಪು ಮಣ್ಣು ಇನ್ನಾ ಹಸಿ ಇತ್ತು,
ನಾದಿನಿ ದೀನಮ್ಮ ಎಲ್ಲರ ಮುಂದ ಅಂದಳು:
"ಊರಿಗೆಲ್ಲ ಬಿಸಿ ರೊಟ್ಟಿ,
ನಮ್ಮವ್ವಗ ಮಾತ್ರ ನಿನ್ನಿನ ತಂಗಳು."
ಪಾಸ್ಟರ್ ಅಯ್ಯನವರು ಕೆಮ್ಮಿದರು.
ಯಾರೋ ಕೊಡಿ ಮಡಚಿದರು.

ಪೂರಾ ಸುಳ್ಳಿದ್ದರ, ಸ್ವಾಮಿ,
ಎಂದೋ ಕ್ಷಮಿಸಿ ಮುಗಸತಿದ್ದೆ.
ಒಂದು ರಾತ್ರಿ ಇತ್ತು.
ಮದುವಿ ಆರ್ಡರು, ಐನೂರು ರೊಟ್ಟಿ, ರಟ್ಟಿ ಸೋತಿದ್ದವು.
"ಬಿಸೀದು ಒಂದು ಕೊಡವಾ" ಅಂದಳು ಅತ್ತಿ.
ಕೇಳದಾಕಿಯಂಗ ಮಗ್ಗಲಾದೆ.
ದೀನಮ್ಮಗ ಹ್ಯಾಂಗ ಗೊತ್ತಾತು?
ಅತ್ತಿ ಹೇಳಿರಬೇಕು.
ಇಲ್ಲಾ, ನೀನು.

ಹೋದ ಐತಾರ ಬೇಕರಿ ಬಂದ್ ಇತ್ತು,
ಕರ್ತನ ಮೇಜಿಗೆ ಬ್ರೆಡ್ಡಿಲ್ಲ.
ಅಯ್ಯನವರ ಮಗಳು ಓಡಿ ಬಂದು
"ರೂತಕ್ಕಾ, ಒಂದು ರೊಟ್ಟಿ ಕೊಡ್ರಿ" ಅಂದಳು.
ರೊಕ್ಕ ತಗೊಳ್ಳೂದಾ ಬಿಡೂದಾ ಅಂತ
ಒಂದು ಗಳಿಗಿ ಯೋಚಿಸಿದೆ, ಸುಳ್ಳು ಯಾಕ.

ಕಟಕಟೆಗೆ ಮೊಣಕಾಲೂರಿದಾಗ ಬಾಜೂಕ ದೀನಮ್ಮ.
ಸರಿಯಲಾಕ ಜಾಗಾ ಇರಲಿಲ್ಲ.
ಮುರಿಯೂ ಸಪ್ಪಳ ಗುರುತು ಹಿಡದೆ:
ಖಡಕ್ ಅಂಚು, ಮೆತ್ತನ್ನ ನಡು,
ನನ್ನ ಕೈಯಿಂದ ಹೋದದ್ದು
ನನ್ನ ಕೈಗೇ ತಿರುಗಿ ಬಂತು
ಉಗುರಿನಷ್ಟಾಗಿ,
ನಂದಲ್ಲದ್ದಾಗಿ.

ದೀನಮ್ಮಗ ಎಡಕ್ಕ ಹಲ್ಲಿಲ್ಲ.
ಬಲಕ್ಕ ಹೊರಳಿಸಿ ಬಹಳ ಹೊತ್ತು ಅಗದಳು.
ಕಣ್ಣು ತೆರೀಲಿಲ್ಲ. ಅಂದಳು,
ನನಗೋ, ನಿನಗೋ:
"ಅವ್ವನ ಕೈಯ ಉಪ್ಪು."

ಹೌದು. ಎಸರಿಗೆ ಚಿಟಿಕಿ ಉಪ್ಪು
ಅತ್ತಿ ಕಲಿಸಿದ್ದು.
ಹದಿನೆಂಟು ವರ್ಷದಾಗ
ಅದನ್ನ ಯಾರೂ ಗುರುತು ಹಿಡದಿರಲಿಲ್ಲ.

ಇವತ್ತು ಮುಂಜಾನಿ ಆ ಸಾಲು ಬಂತು.
ಮೊದಲ ಅರ್ಧ, ನನ್ನ ತಪ್ಪಿಂದು.
ಉಳಿದರ್ಧ ಬರಲಿಲ್ಲ. ಜಗ್ಗಾಡಲಿಲ್ಲ ನಾನು.
ಹಂಚಿನ ಮ್ಯಾಲ ಗಡಿಬಿಡಿ ಮಾಡಿದರ
ರೊಟ್ಟಿ ಉಬ್ಬೂದಿಲ್ಲ, ಹರೀತದ.

ಎಂಬತ್ತಾದ ಮ್ಯಾಲ ಇನ್ನೆರಡು ಬಡದು
ಅರಿವ್ಯಾಗ ಸುತ್ತಿ, ಮಗ ಎನೋಕನ ಕೈಯಾಗ
ದೀನಮ್ಮನ ಮನಿಗೆ ಕಳಿಸಿದೆ.
ಏನಂತ ಹೇಳಲಿ ಅಂದ.
ಬಿಸಿ ಅದಾವ ಅಂತ ಹೇಳು ಅಂದೆ.

ವಿಮಾನ ಎರಡು ಸುತ್ತು ಹಾಕಿದವು.
ಹುಡುಗ ತಿರುಗಿ ಬಂದ.
ಅರಿವಿ ಖಾಲಿ ಇರಲಿಲ್ಲ:
ಒಂದು ಹಿಡಿ ಪುಂಡಿಪಲ್ಯ,
ಬೇರಿನ ಮಣ್ಣು ಸಮೇತ.