ಹತ್ತಿದವರು ಏಳು, ಇಳಿದವರು ಏಳು

ತ್ರಿಯೆಸ್ತೆಯಿಂದ ನಕಲು ಬಂದಿದೆ, ದಪ್ಪ ಲಕೋಟೆಯಲ್ಲಿ.
ಪುಂತಾ ಅರೆನಾಸಿನ ಅಂಚೆಯವನು ಅದನ್ನು
ಗಾಳಿ ಕಸಿಯದಂತೆ ಎದೆಗವಚಿ ತಂದ.
ಅಡುಗೆಮನೆಯ ಮೇಜಿನ ಮೇಲೆ ಹರಡಿ
ನಾಲ್ಕು ಮೂಲೆಗೆ ನಾಲ್ಕು ಚಮಚ ಹೇರಿದ್ದೇನೆ.
ಈ ಊರಲ್ಲಿ ಕಾಗದವೂ
ಕಿಟಕಿ ಮುಚ್ಚಿದ್ದರೂ ಹೊರಡಲು ನೋಡುತ್ತದೆ.

ಹಡಗು: ಅರ್ಗೋಲಾ. ಸಾವಿರದ ಎಂಟುನೂರ ತೊಂಬತ್ತಮೂರು.
ಮೂರನೆಯ ದರ್ಜೆ, ಬ್ರಾಚ್ ದ್ವೀಪದವರು.
ಫ್ರಾನೆ, ಕಲ್ಲುಕುಟಿಗ ಎಂದಿದೆ.
ದ್ರಾಕ್ಷಿ ಬೆಳೆಯುತ್ತಿದ್ದವನು ಅವನು; ಬೇರಿಗೆ ಹೇನು ಬಿದ್ದು
ಬಳ್ಳಿ ಸತ್ತ ಮೇಲೆ
ಹೇಳಿಕೊಳ್ಳಲು ಉಳಿದದ್ದು ಕಲ್ಲೇ ತಾನೆ.
ಮಾಂದೆ, ಹೆಂಡತಿ, ಮೂವತ್ತೊಂದು.
ಬಸುರಿ ಎಂದು ಯಾರೂ ಬರೆದಿಲ್ಲ,
ಹೊಟ್ಟೆಯೊಳಗಿನವರಿಗೆ ಟಿಕೆಟ್ಟಿಲ್ಲ.
ಗಂಡು ಮಕ್ಕಳು ನಾಲ್ಕು.
ಕೊನೆಗೆ ಪೆರಿನಾ, ಹೆಣ್ಣು, ಎರಡು ವರ್ಷ.
ಒಟ್ಟು ಏಳು.

ಇಳಿದ ಪಟ್ಟಿಯಲ್ಲೂ ಏಳು.
ಒಂದು ಕೈಯಲ್ಲಿ ಟೋಪಿ ಒತ್ತಿ ಹಿಡಿದುಕೊಂಡೇ ಗುಮಾಸ್ತ
ಇನ್ನೊಂದು ಕೈಯಲ್ಲಿ ತಲೆ ಎಣಿಸಿರಬೇಕು.
ಲೆಕ್ಕ ಸರಿ. ಮೊಹರು ಬಿತ್ತು.

ಮೂರನೆಯ ಹಾಳೆ ಹಡಗಿನ ವೈದ್ಯನದು.
ಬೇರೆ ಮಸಿ, ಅವಸರದ ಬರಹ:
ದಕ್ಷಿಣ ನಾಲ್ಕನೆಯ ಅಕ್ಷಾಂಶ. ಹೆಣ್ಣು ಮಗು, ಜ್ವರ. ಸಂಜೆ ನೀರಿಗೆ.
ಹನ್ನೊಂದು ದಿನ ಕಳೆದು, ಮೂವತ್ತೆಂಟರಲ್ಲಿ:
ಹೆಣ್ಣು ಮಗು, ಜನನ. ತಾಯಿ ಕ್ಷೇಮ.
ಹೆಸರು ಎರಡು ಕಡೆಯೂ ಇಲ್ಲ.

ಹನ್ನೊಂದು ದಿನ ಆ ಹೆಸರು
ಆ ಹಡಗಿನಲ್ಲಿ ಒಂಟಿಯಾಗಿ ಪ್ರಯಾಣ ಮಾಡಿತು.
ಮಾಂದೆ ಅದನ್ನು ಎಲ್ಲಿಟ್ಟುಕೊಂಡಿದ್ದಳೋ,
ಮೇಲಂಗಿಯ ಜೇಬಿನಲ್ಲೋ, ಒಣರೊಟ್ಟಿಯ ಚೀಲದಲ್ಲೋ,
ನಾಲಗೆಯ ಕೆಳಗೋ.
ಬಳ್ಳಿಗೆ ಕಾಯಿ ಭಾರವೇ ಅನ್ನುತ್ತಾರೆ.
ಕಾಯಿ ಅಲ್ಲ, ಕಳಚಿದ ತೊಟ್ಟು ಭಾರ.
ಹೊಕ್ಕುಳಬಳ್ಳಿ ಕತ್ತರಿಸಿದವರ ಕೈ ಒಣಗುವ ಮೊದಲೇ
ಕೊಟ್ಟುಬಿಟ್ಟಳು: ತಗೋ ಮಗಳೇ,
ಹೆಸರು, ಟಿಕೆಟ್ಟು, ದೊಗಲೆ ಉಣ್ಣೆಕೋಟು,
ಎರಡು ವರ್ಷ.

ಹೀಗೆ ನನ್ನ ಮುತ್ತಜ್ಜಿ
ಹುಟ್ಟುತ್ತಲೇ ಎರಡು ತುಂಬಿದವಳು.
ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡಿ, ಕೊನೆಗೆ ಓದಲು ಕಲಿತವಳು.
ಮದುವೆಯ ದಿನ ಕಾಗದದಲ್ಲಿ ಹದಿನೆಂಟು,
ಮೈಯಲ್ಲಿ ಹದಿನಾರು.
ಕುರಿಮಾಂಸದ ಕಾರ್ಖಾನೆಯಲ್ಲಿ ಬೆರಳು ಮರಗಟ್ಟಿಸಿಕೊಂಡು ದುಡಿದು
ಪಿಂಚಣಿಯನ್ನು ಮಾತ್ರ ಎರಡು ವರ್ಷ ಮೊದಲೇ ಪಡೆದಳು.
ಆ ದುಡ್ಡಿನಲ್ಲಿ ಬಂತು ಈ ಕಬ್ಬಿಣದ ಒಲೆ.
ಇದು ನನ್ನ ಸಂಪಾದನೆಯಲ್ಲ, ಅನ್ನುತ್ತಿದ್ದಳು ಒಲೆ ಒರೆಸುತ್ತ.
ಯಾರದಜ್ಜೀ ಅಂದರೆ
ಬಟ್ಟೆ ಹಿಂಡಿ ಮತ್ತೆ ಒರೆಸುತ್ತಿದ್ದಳು.

ಮತ್ತೆ ಆ ಮೇಣದಬತ್ತಿಗಳು.
ಪ್ರತಿ ಹುಟ್ಟುಹಬ್ಬಕ್ಕೂ ಎರಡನ್ನು ಊದದೆ ಬಿಡುತ್ತಿದ್ದಳು.
ಅವಳು ಬಿಟ್ಟಳೆಂದು ಅಮ್ಮನೂ, ಅಮ್ಮ ಬಿಟ್ಟಳೆಂದು ನಾನೂ.
ಇಲ್ಲಿಯವರು ಅದು ಕ್ರೊಯೇಷಿಯಾದ ಸಂಪ್ರದಾಯವೆಂದರು.
ಬ್ರಾಚಿಗೆ ಹೋದಾಗ ಅಲ್ಲಿಯವರು ಕೇಳಿದರು,
ಚಿಲಿಯಲ್ಲಿ ಹೀಗೋ?

ಯಾಕೊವ್ ಮಾವನಿಗೆ ಫೋನು ಮಾಡಿ ಹಾಳೆ ಓದಿದೆ.
ಬಹಳ ಹೊತ್ತು ಉಸಿರು ಮಾತ್ರ ಕೇಳಿಸಿತು.
ಆಮೇಲೆ ಅಂದ: ಮುಚ್ಚಿಡು.
ಪಿಂಚಣಿ ಕಚೇರಿಯವರು ಬಡ್ಡಿ ಸಮೇತ ಕೇಳಿಯಾರು.
ನಕ್ಕನೋ ಅತ್ತನೋ, ಲೈನು ಕರಕರ ಎಂದಿತು.

ವಂಶವೃಕ್ಷದ ಹಾಳೆಯಲ್ಲಿ ಇನ್ನೊಂದು ಚೌಕ ಬರೆದೆ.
ಎರಡಕ್ಕೂ ಒಂದೇ ಹೆಸರು, ಒಂದೇ ಹುಟ್ಟಿದ ದಿನ.
ಒಂದರ ಕೆಳಗೆ ನಾವೆಲ್ಲ, ಮೂವತ್ತೆಂಟು ಮಂದಿ,
ಇನ್ನೊಂದರ ಕೆಳಗೆ
ಹಾಳೆಯ ಬಿಳಿ.

ಇವತ್ತು ಮೊಮ್ಮಗ ದಾಂಕೊನಿಗೆ ಒಂಬತ್ತು.
ಕೇಕು ಬೆಂದದ್ದು ಆ ಒಲೆಯಲ್ಲೇ.
ಕೆನ್ನೆ ಉಬ್ಬಿಸಿ ಏಳನ್ನು ಆರಿಸಿದ,
ಉಳಿದೆರಡರ ಮುಂದೆ ಬಾಯಿಗೆ ಕೈ ಅಡ್ಡ ಹಿಡಿದು
ನನ್ನತ್ತ ತಿರುಗಿದ: ಇವು ಯಾಕಜ್ಜೀ?

ಚಮಚಗಳು ಇನ್ನೂ ಕಾಗದದ ಮೇಲೇ ಇವೆ.
ಮೇಣ ಕರಗಿ ಕೇಕಿಗೆ ತಾಗುವುದರೊಳಗೆ
ಹೇಳಿ ಮುಗಿಸಬೇಕು.